ಗಂಜಿ ಆರಿಸಿದ ಹಾಗೆ ಉಸಿರು ಬಿಡಿ



ಕಿಡ್ನಿ ಕಸಿ ಆಪರೇಷನ್ ಬಗ್ಗೆ ನೀವು ಕೇಳಿರಬಹುದು. 1971ರಲ್ಲೇ ವೆಲ್ಲೂರಿನಲ್ಲಿ ಇದು ಯಶಸ್ವಿಯಾಗಿ ನಡೆದಿತ್ತು. ಈಗ ಬೆಂಗಳೂರಿನಲ್ಲೂ ನಡೆಯುತ್ತದೆ. ಮನೆಯವರೇ ಕಿಡ್ನಿ ಕೊಡುವಾಗ ಕೊಡೋರು ಹೆಚ್ಚಾಗಿ ಹೆಂಗಸರು. ತಾಯಿ ಮಗನಿಗೆ ಕೊಡುತ್ತಾಳೆ. ಹೆಂಡತಿ ಗಂಡನಿಗೆ ಕೊಡುತ್ತಾಳೆ. ಆಮೇಲೆ ಎಲ್ಲರೂ ಅವನ ಮಂಚದ ಸುತ್ತ ನಿಲ್ಲುತ್ತಾರೆ. ಕೊಟ್ಟವಳ ಮೈಯಲ್ಲೂ ಗಾಯ ಇದೆ, ಅದು ಯಾರಿಗೂ ನೆನಪಿರೋದಿಲ್ಲ. ಅದಕ್ಕೇ ನಾವು ಇವತ್ತು ಹೇಳೋದು ಇಬ್ಬರಿಗೂ.

ಗಾಯ ನೋಯುತ್ತದೆ. ನೋವಿಗೆ ಹೆದರಿ ಮೇಲೆ ಮೇಲೆ ಉಸಿರಾಡುತ್ತೇವೆ. ಕೆಮ್ಮು ಬಂದರೆ ತಡೆದುಕೊಳ್ಳುತ್ತೇವೆ. ಆಗ ಏನಾಗುತ್ತೆ? ಗಾಳಿ ಶ್ವಾಸಕೋಶದ ತಳದವರೆಗೆ ಹೋಗುವುದಿಲ್ಲ. ಅಲ್ಲಿ ಕಫ ಕಟ್ಟುತ್ತದೆ. ನ್ಯುಮೋನಿಯ ಬರಬಹುದು. ಕಿಡ್ನಿ ಪಡೆದವರಿಗೆ ಈ ಭಯ ಇನ್ನೂ ಹೆಚ್ಚು. ಯಾಕೆಂದರೆ ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲಿ ಅಂತ ಮಾತ್ರೆ ಕೊಡುತ್ತಾರೆ. ಆ ಮಾತ್ರೆ ರೋಗ ತಡೆಯುವ ಶಕ್ತಿಯನ್ನೇ ಕಡಿಮೆ ಮಾಡುತ್ತದೆ.

ಈಗ ಮಾಡಿ ನೋಡೋಣ ಬನ್ನಿ. ನೆಟ್ಟಗೆ ಕುಳಿತುಕೊಳ್ಳಿ. ಗಾಯದ ಮೇಲೆ ದಿಂಬು ಇಟ್ಟು ಮೆತ್ತಗೆ ಒತ್ತಿ ಹಿಡಿಯಿರಿ. ಮೂಗಿನಿಂದ ನಿಧಾನವಾಗಿ ಉಸಿರು ಎಳೆಯಿರಿ. ಹೊಟ್ಟೆ ಉಬ್ಬಲಿ. ಎರಡು ಮೂರು ಎಣಿಸುವಷ್ಟು ಹೊತ್ತು ಹಿಡಿದಿಡಿ. ಆಮೇಲೆ ತುಟಿ ಸಣ್ಣ ಮಾಡಿ ಬಿಡಿ. ಒಲೆ ಊದುವ ಹಾಗೆ ಅಲ್ಲ, ಬಿಸಿ ಗಂಜಿ ಆರಿಸುವ ಹಾಗೆ. ಎಚ್ಚರವಿದ್ದಾಗ ಗಂಟೆಗೊಮ್ಮೆ ಹತ್ತು ಸಲ ಮಾಡಬೇಕು. ತಲೆ ಸುತ್ತಿದರೆ ನಿಲ್ಲಿಸಿ. ಕೆಮ್ಮು ಬಂದರೆ ದಿಂಬು ಅಪ್ಪಿಕೊಂಡು ಕೆಮ್ಮಿ. ಹೊಲಿಗೆ ಬಿಚ್ಚುತ್ತೆ ಅಂತ ಹೆದರಿ ಕೆಮ್ಮು ನುಂಗಬೇಡಿ.

ಆಸ್ಪತ್ರೆಯಲ್ಲಿ ಮೂರು ಚೆಂಡಿನ ಡಬ್ಬಿ ಕೊಡುತ್ತಾರೆ. ಅದನ್ನು ಊದಬಾರದು, ಉಸಿರು ಎಳೆದು ಚೆಂಡು ಏರಿಸಬೇಕು. ಬಹಳ ಜನ ಊದುತ್ತಲೇ ಇರುತ್ತಾರೆ!

ರಾತ್ರಿ ನಿದ್ದೆ ಬರೋದಿಲ್ಲ. ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ. ಕಿಡ್ನಿ ನಿಲ್ಲುತ್ತೋ ಇಲ್ಲವೋ ಎಂಬ ಚಿಂತೆ ಬೇರೆ. ಆಗ ಮಲಗಿದಲ್ಲೇ ಪಾದ ಬಿಗಿ ಮಾಡಿ, ಸಡಿಲ ಬಿಡಿ. ಆಮೇಲೆ ಕೈ, ಭುಜ, ಮುಖ. ಹೊಟ್ಟೆಯನ್ನು ಮಾತ್ರ ಬಿಗಿ ಮಾಡಬೇಡಿ. ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಉಸಿರು ಬಿಡಿ. ನಿದ್ದೆ ಬಾರದಿದ್ದರೂ ಮೈ ಹಗುರಾಗುತ್ತದೆ.

ಕಪಾಲಭಾತಿಯಂಥ ಜೋರು ಉಸಿರಾಟ ಡಾಕ್ಟರು ಹೇಳುವವರೆಗೆ ಬೇಡ. ನೀರಿನ ಕೊಡ ಎತ್ತುವುದೂ ಬೇಡ. ಮನೆಯಲ್ಲಿ ಬೇರೆಯವರಿಗೂ ಕೈ ಇದೆ.

"ಉಸಿರಾಟ ಮಾಡಿದರೆ ಸಾಕು, ಮಾತ್ರೆ ಬೇಡ" ಅಂತ ಯಾರೇ ಹೇಳಲಿ, ನಂಬಬೇಡಿ. ಮಾತ್ರೆ ಬಿಟ್ಟರೆ ಹೊಸ ಕಿಡ್ನಿ ಕೆಡುತ್ತದೆ. ಜ್ವರ ಬಂದರೆ, ಉಚ್ಚೆ ಕಡಿಮೆಯಾದರೆ, ಕಾಲು ಊದಿದರೆ, ಉಸಿರಾಡಲು ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಹೋಗಿ. ನಾಳೆ ನೋಡೋಣ ಅನ್ನಬೇಡಿ. ಕೊಟ್ಟವಳಿಗೆ ಜ್ವರ ಬಂದರೂ ಹೀಗೆಯೇ.