ಏದುಸಿರಿನ ಪಾಠ



ನಿವೃತ್ತನಾದ ವರ್ಷ ಶಿವನಸಮುದ್ರದ ಭರಚುಕ್ಕಿಯ ಮೆಟ್ಟಿಲುಗಳನ್ನು ಹತ್ತುವಾಗ ಏದುಸಿರು ಬಂದು ನಡುವೆಯೇ ಕುಳಿತುಬಿಟ್ಟೆ. ಕಾಲಿನ ಕಸುವು ಉಡುಗಿತೆಂದು ಅಂಜಿ, ಅಂದಿನಿಂದ ಆರಾಮಕುರ್ಚಿಯನ್ನೇ ನೆಚ್ಚಿಕೊಂಡೆ. ಅದು ತಪ್ಪೆಂದು ತಿಳಿದದ್ದು ಶರೀರವಿಜ್ಞಾನದ ಪುಸ್ತಕಗಳಿಂದ.

1920ರಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ ಆಂಟ್‌ವರ್ಪ್ ಒಲಿಂಪಿಕ್ಸಿನ ಮ್ಯಾರಥಾನ್ ಓಡಿ 19ನೆಯವರಾಗಿ ಗುರಿ ಮುಟ್ಟಿದರು. ಇಂತಹ ತಾಳಿಕೆಯ ಮೇರೆ ಯಾವುದು? ಇಂಗ್ಲೆಂಡಿನ ಎ. ವಿ. ಹಿಲ್ ತಾವೇ ಓಡಿ, ಬಿಟ್ಟ ಉಸಿರನ್ನು ಚೀಲದಲ್ಲಿ ಹಿಡಿದು ಅಳೆದರು. ವೇಗದೊಡನೆ ದೇಹ ಬಳಸುವ ಆಮ್ಲಜನಕವೂ ಹೆಚ್ಚುತ್ತದೆ. ಆದರೆ ಒಂದು ಮಟ್ಟವನ್ನು ಮೀರುವುದಿಲ್ಲ ಎಂದು 1923ರಲ್ಲಿ ಅವರೂ ಲಪ್ಟನ್ನರೂ ಸಾರಿದರು. ಆ ಮಟ್ಟವನ್ನು ಬಹುಪಾಲು ನಿರ್ಧರಿಸುವುದು ಹೃದಯ ರಕ್ತವನ್ನು ತಳ್ಳುವ ಶಕ್ತಿ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳುಹಿಸಿದ ಶಿವನಸಮುದ್ರದ ಸ್ಥಾವರವನ್ನೇ ನೋಡಿ: ಯಂತ್ರ ಎಷ್ಟೇ ಬಲವಾಗಿರಲಿ, ನಾಲೆ ತಂದ ನೀರಿನಷ್ಟೇ ಅದರ ಬಲ.

ಈ ನಾಲೆ ಹೂಳುವುದು ವಯಸ್ಸಿನಿಂದ ಮಾತ್ರವೇ? 1966ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ಐವರು ತರುಣರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಅವರ ಈ ಸಾಮರ್ಥ್ಯ ಕಾಲುಭಾಗಕ್ಕೂ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ಬಳಿಕ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಮೂರು ದಶಕಗಳ ಮುಪ್ಪಿಗಿಂತ ಮೂರು ವಾರಗಳ ಹಾಸಿಗೆಯೇ ಹೆಚ್ಚು ಕೆಡುಕು ಮಾಡಿತ್ತೆಂದು ಕಂಡಿತು. ಆರು ತಿಂಗಳ ಕ್ರಮಬದ್ಧ ವ್ಯಾಯಾಮದಿಂದ, ವಯಸ್ಸು ಕಸಿದುಕೊಂಡಿದ್ದೂ ಅವರಿಗೆ ಮರಳಿತು.

ಇದನ್ನೋದಿದ ಮೇಲೆ ವೈದ್ಯರನ್ನು ಕೇಳಿಕೊಂಡು ದಿನವೂ ನಡೆಯತೊಡಗಿದೆ. ಈಗಲೂ ಏದುಸಿರು ಬರುತ್ತದೆ. ಆಗ ನಿಂತು ಸುಧಾರಿಸಿಕೊಳ್ಳುತ್ತೇನೆ; ಮನೆಗೆ ಹಿಂದಿರುಗುವುದಿಲ್ಲ.