ವಿಳಾಸವೇ ಸದಸ್ಯತ್ವ: ಅಮೆರಿಕದ ಊರುಗಳಲ್ಲಿ ಮಾರ್ಮನ್ ಸಭೆ



ಮಾರ್ಮನ್ನರು ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಬಹುಪತ್ನಿತ್ವ. ಅವರ ಸಭೆ, ಅಂದರೆ ಚರ್ಚು, ಅದನ್ನು ಅಧಿಕೃತವಾಗಿ ಕೈಬಿಡುವ ಪ್ರಕಟಣೆ ಹೊರಡಿಸಿದ್ದು 1890ರಲ್ಲಿ. ಆ ಚರ್ಚೆಯನ್ನು ಇಂದು ಬದಿಗಿಡುತ್ತೇನೆ. ಒಬ್ಬ ಅಮೆರಿಕನ್ನನು ಈ ಸಭೆಯ ಸದಸ್ಯನಾದರೆ ಅವನ ಬೀದಿಯಲ್ಲಿ, ಅವನ ಊರಿನಲ್ಲಿ ಏನು ಬದಲಾಗುತ್ತದೆ ಎಂಬುದಷ್ಟೇ ಈ ಉಪನ್ಯಾಸದ ವಿಷಯ.

1. ಪಟ್ಟಿ

ಜೋಸೆಫ್ ಸ್ಮಿತ್ 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದ ಫಯೆಟ್‌ನಲ್ಲಿ ಸ್ಥಾಪಿಸಿದ ಸಭೆ ಇದು. ಪೂರ್ಣ ಹೆಸರು ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಅದರ ಲೆಕ್ಕದಂತೆ ಜಗತ್ತಿನಲ್ಲಿ 1 ಕೋಟಿ 70 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಅಮೆರಿಕದಲ್ಲಿ 68 ಲಕ್ಷದ ಆಸುಪಾಸು, ಅದರಲ್ಲಿ 20 ಲಕ್ಷಕ್ಕೂ ಹೆಚ್ಚು ಮಂದಿ ಯೂಟಾ ಒಂದರಲ್ಲೇ. ಎಂಟನೇ ವಯಸ್ಸಿಗೆ ದೀಕ್ಷಾಸ್ನಾನ ಪಡೆದವರ ಹೆಸರು, ಅವರು ಆಮೇಲೆ ಭಾನುವಾರದ ಸಭೆಯತ್ತ ತಲೆಹಾಕದಿದ್ದರೂ, ಪಟ್ಟಿಯಲ್ಲಿ ಉಳಿದೇ ಇರುತ್ತದೆ. ತಾವಾಗಿ ಹೆಸರು ತೆಗೆಸಿದರೆ, ಸಭೆ ಹೊರಹಾಕಿದರೆ ಅಥವಾ ತೀರಿಕೊಂಡರೆ ಮಾತ್ರ ಅಳಿಯುತ್ತದೆ. ಪಟ್ಟಿಯಲ್ಲಿರುವವರೆಲ್ಲ ಭಕ್ತರೆಂದು ನಂಬುವ ಹಾಗಿಲ್ಲ. ಆದರೂ ಈ ಪಟ್ಟಿಯನ್ನು ಹಗುರವಾಗಿ ಕಾಣಬಾರದು. ಇದು ಸಭೆಯ ಬೆನ್ನೆಲುಬು.

2. ವಾರ್ಡು

ಅಮೆರಿಕದ ಪ್ರಾಟೆಸ್ಟೆಂಟರು ಸಾಮಾನ್ಯವಾಗಿ ತಮಗೆ ಹಿಡಿಸಿದ ಪಾದ್ರಿ, ಹಿಡಿಸಿದ ಸಂಗೀತ ಇರುವ ಚರ್ಚನ್ನು ಹುಡುಕಿಕೊಂಡು ಹೋಗುತ್ತಾರೆ. ಮಾರ್ಮನ್ನರಿಗೆ ಆ ಆಯ್ಕೆ ಇಲ್ಲ. ಮನೆ ಯಾವ ಗಡಿಯೊಳಗಿದೆಯೋ ಅದೇ ಅವರ ವಾರ್ಡು, ಅಂದರೆ ಸ್ಥಳೀಯ ಘಟಕ. ಇಲಿನಾಯ್‌ನ ನಾವೂ ಪಟ್ಟಣದಲ್ಲಿ 1840ರ ದಶಕದಲ್ಲಿ ನಗರಸಭೆಯ ವಾರ್ಡುಗಳಿಗೆ ಬಿಷಪ್ಪರನ್ನು ನೇಮಿಸಿದಾಗ ಬೇರೂರಿದ ಏರ್ಪಾಡಿದು. ವಾರ್ಡಿಗೆ ಕೆಲವು ನೂರು ಜನ; ಹಲವು ವಾರ್ಡು ಸೇರಿದರೆ ಒಂದು ಸ್ಟೇಕ್. ಯೂಟಾದಲ್ಲಿ ನಾಲ್ಕಾರು ಬೀದಿಗೇ ಒಂದು ವಾರ್ಡಿದ್ದರೆ, ಪೂರ್ವದ ರಾಜ್ಯಗಳಲ್ಲಿ ಒಂದೇ ವಾರ್ಡು ಹಲವು ಊರುಗಳಿಗೆ ಹರಡಿರುತ್ತದೆ. ಶ್ರೀಮಂತನ ಪಕ್ಕ ಯಾರು ಕೂರಬೇಕೆಂದು ತೀರ್ಮಾನಿಸುವುದು ನಕ್ಷೆ.

ಬಿಷಪ್ಪನಿಗೆ ಸಂಬಳವಿಲ್ಲ. ವಾರವೆಲ್ಲ ಹಲ್ಲು ಕೀಳುವವನೋ ವಿಮೆ ಮಾರುವವನೋ ಸುಮಾರು ಐದು ವರ್ಷ ಆ ಹೊಣೆ ಹೊತ್ತು, ಆಮೇಲೆ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೂ ಮರಳಬಹುದು. 2012ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಮಿಟ್ ರಾಮ್ನಿ ಬಾಸ್ಟನ್ ಪ್ರದೇಶದಲ್ಲಿ ಬಿಷಪ್ಪರಾಗಿದ್ದವರು. ಸದಸ್ಯರು ಆದಾಯದ ಹತ್ತನೇ ಒಂದು ಪಾಲು ಕೊಡುತ್ತಾರೆ. ಸಾಮಾನ್ಯವಾಗಿ ತಿಂಗಳ ಮೊದಲ ಭಾನುವಾರ ಉಪವಾಸವಿದ್ದು ಉಳಿದ ಊಟದ ಹಣವನ್ನು ಬೇರೆಯಾಗಿ ಒಪ್ಪಿಸುತ್ತಾರೆ. ಕೆಲಸ ಕಳೆದುಕೊಂಡವನ ಬಾಡಿಗೆಗೆ ಬಿಷಪ್ಪ ಕೈಹಾಕುವುದು ಈ ಹಣಕ್ಕೆ. ದಿನಸಿ ಬೇಕಾದರೆ ಚೀಟಿ ಬರೆದು ಸಭೆಯ ಉಗ್ರಾಣಕ್ಕೆ ಕಳಿಸುತ್ತಾನೆ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, 1936ರಲ್ಲಿ, ಈ ವ್ಯವಸ್ಥೆಗೆ ಇಂದಿನ ರೂಪ ಬಂತು.

ಕುಟುಂಬವೊಂದು ಬೇರೆ ಊರಿಗೆ ಹೋದರೆ ಅದರ ದಾಖಲೆಯೂ ಹಿಂದೆಯೇ ಹೋಗುತ್ತದೆ. ಲಾರಿ ಬಂದು ನಿಲ್ಲುವ ಹೊತ್ತಿಗೆ ಮುಖಪರಿಚಯವೇ ಇಲ್ಲದ ಗಂಡಸರು ಕೈಗವಸು ಹಾಕಿಕೊಂಡು ಸೋಫಾ ಇಳಿಸಲು ಸಾಲುಗಟ್ಟುತ್ತಾರೆ. ಸಭೆಯ ಮಹಿಳಾ ಸಂಘವಾದ ರಿಲೀಫ್ ಸೊಸೈಟಿಯ ಹೆಂಗಸರು ಅಡುಗೆ ತರುತ್ತಾರೆ.

3. ನೆರೆಯವರ ಭಯ

ಇದೇ ಒಗ್ಗಟ್ಟು ಹತ್ತೊಂಬತ್ತನೇ ಶತಮಾನದಲ್ಲಿ ನೆರೆಯವರಿಗೆ ನಡುಕ ಹುಟ್ಟಿಸಿತ್ತು. ಒಟ್ಟಾಗಿ ಜಮೀನು ಕೊಳ್ಳುವವರು, ಒಟ್ಟಾಗಿ ಮತ ಹಾಕುವವರು ಊರನ್ನೇ ನುಂಗಿಬಿಡುತ್ತಾರೆಂಬ ಭಯ. 1838ರಲ್ಲಿ ಮಿಸೌರಿಯ ಗವರ್ನರ್ ಲಿಲ್ಬರ್ನ್ ಬಾಗ್ಸ್, ಇವರನ್ನು ರಾಜ್ಯದಿಂದ ಓಡಿಸಿ ಇಲ್ಲವೇ ನಿರ್ಮೂಲ ಮಾಡಿ ಎಂಬ ಅರ್ಥದ ಆದೇಶ ಹೊರಡಿಸಿದ. ಅದು ಅಧಿಕೃತವಾಗಿ ರದ್ದಾದದ್ದು 1976ರಲ್ಲಿ! 1844ರಲ್ಲಿ ಇಲಿನಾಯ್‌ನ ಕಾರ್ತೇಜ್ ಜೈಲಿಗೆ ನುಗ್ಗಿದ ಗುಂಪು ಸ್ಮಿತ್‌ನನ್ನು ಕೊಂದಿತು. ಅವನ ನಂತರ ನಾಯಕನಾದ ಬ್ರಿಗಂ ಯಂಗ್‌ನ ಹಿಂದೆ ಹೊರಟವರು 1847ರಲ್ಲಿ ಇಂದಿನ ಯೂಟಾದ ಸಾಲ್ಟ್ ಲೇಕ್ ಕಣಿವೆ ತಲುಪಿದರು. ಐಡಾಹೊ ಪ್ರಾಂತ್ಯ 1885ರಲ್ಲಿ ಇವರ ಮತದಾನದ ಹಕ್ಕನ್ನೇ ಕಿತ್ತುಕೊಂಡಿತು.

ಅದೇ ಐಡಾಹೊದಲ್ಲಿ 1976ರ ಜೂನ್ 5ರಂದು ಆಗಷ್ಟೇ ಕಟ್ಟಿದ್ದ ಟೀಟನ್ ಅಣೆಕಟ್ಟು ಒಡೆಯಿತು. 11 ಜನ ಸತ್ತರು. ಮಾರ್ಮನ್ನರೇ ಬಹುಸಂಖ್ಯಾತರಾಗಿದ್ದ ಶುಗರ್ ಸಿಟಿ, ರೆಕ್ಸ್‌ಬರ್ಗ್‌ಗಳು ಕೆಸರಿನಲ್ಲಿ ಹೂತವು. ಎತ್ತರದಲ್ಲಿದ್ದ ಸಭೆಯ ರಿಕ್ಸ್ ಕಾಲೇಜು ನೆಲೆ ತಪ್ಪಿದವರಿಗೆ ಊಟ, ಹಾಸಿಗೆ ಕೊಟ್ಟಿತು. ಯಾವ ಮನೆಯಲ್ಲಿ ಎಷ್ಟು ಜನ, ಯಾರಿಗೆ ವಯಸ್ಸಾಗಿದೆ ಎಂಬುದು ಬಿಷಪ್ಪರಿಗೆ ಗೊತ್ತಿತ್ತು. ಯೂಟಾ, ಐಡಾಹೊಗಳ ದೂರದ ವಾರ್ಡುಗಳಿಂದ ಬಸ್ಸುಗಳಲ್ಲಿ ಬಂದವರು ಸಲಿಕೆ ಹಿಡಿದು ಮನೆಗಳ ಕೆಸರು ಎತ್ತಿದರು. ಸಂಖ್ಯೆ ಹಿಗ್ಗಿಸುವ ಪಟ್ಟಿ ಎಂದು ಟೀಕಿಸುತ್ತೇವಲ್ಲ, ಅದು ಆ ವಾರ ಉಪಯೋಗಕ್ಕೆ ಬಂತು.

4. ಬೆಲೆ

ಒಳಗಿನವರಿಗೆ ಆಸರೆಯಾದದ್ದು ಹೊರಗಿನವರಿಗೆ ಬೇಲಿಯಾಗಬಹುದು. ಯೂಟಾದ ಅನೇಕ ಹೈಸ್ಕೂಲುಗಳ ಮಗ್ಗುಲಲ್ಲೇ ಧರ್ಮಪಾಠ ಹೇಳುವ ಸಭೆಯ ಸೆಮಿನರಿ ಕಟ್ಟಡವಿದೆ; 1912ರಲ್ಲಿ ಗ್ರಾನೈಟ್ ಹೈಸ್ಕೂಲಿನ ಬಳಿ ಶುರುವಾದ ಪದ್ಧತಿ ಇದು. ಶಾಲೆಯ ವೇಳೆಯಲ್ಲೇ ಗೆಳೆಯರೆಲ್ಲ ಅಲ್ಲಿಗೆ ಹೋದಾಗ ಹೋಗದ ಹುಡುಗಿ ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಕಪ್ಪು ಜನಾಂಗದ ಗಂಡಸರಿಗೆ 1978ರವರೆಗೆ ಪೌರೋಹಿತ್ಯ ನಿಷಿದ್ಧವಾಗಿತ್ತು. ಹೆಂಗಸರಿಗೆ ಇಂದಿಗೂ ಇಲ್ಲ. ಎಲ್ಲಕ್ಕಿಂತ ಕಷ್ಟ, ನಂಬಿಕೆ ಸಡಿಲಿದವರದು. ಬೇರೆ ಚರ್ಚಿನವರು ನಂಬಿಕೆ ಕಳೆದುಕೊಂಡರೆ ಭಾನುವಾರ ಬಿಡುವಾಗುತ್ತದೆ. ಇವರಿಗೆ ನೆರೆಹೊರೆಯೇ ಕಳಚಿಬೀಳುವ ಅಪಾಯ.

ಮಾರ್ಮನ್ ಸಭೆ ನಮಗೂ ತೀರ ದೂರದ ಸಂಗತಿಯಲ್ಲ. ಬೆಂಗಳೂರಿನಲ್ಲಿ ಈ ಸಭೆಯ ಮಂದಿರ ಕಟ್ಟುವುದಾಗಿ 2018ರಲ್ಲಿ ಘೋಷಣೆಯಾಗಿ, 2020ರ ಡಿಸೆಂಬರಿನಲ್ಲಿ ಶಂಕುಸ್ಥಾಪನೆ ನಡೆಯಿತು.

ಸಮುದಾಯವೊಂದರ ಬಲವನ್ನು ತಲೆಯೆಣಿಕೆಯಿಂದ ಅಳೆಯಲಾಗದು. ಯಾರ ಮನೆಗೆ ಯಾರು ಹೊಣೆ ಎಂಬುದು ಅಲ್ಲಿ ಎಷ್ಟು ಖಚಿತವಾಗಿದೆ ಎಂಬುದರಿಂದ ಅಳೆಯಬೇಕು. ಆ ಮಟ್ಟಿಗೆ ಮಾರ್ಮನ್ ವಾರ್ಡಿನಿಂದ ಕಲಿಯುವುದು ಬಹಳವಿದೆ. ಆದರೆ ಅದರ ಔದಾರ್ಯವನ್ನು ಅಳೆಯಲು ಇನ್ನೊಂದು ಪ್ರಶ್ನೆ ಬೇಕು: ಹೆಸರು ತೆಗೆಸಿಕೊಂಡವನು ಮನೆ ಬದಲಿಸುವ ದಿನವೂ ಆ ಗಂಡಸರು ಬರುತ್ತಾರೆಯೇ? ಬರುವ ವಾರ್ಡುಗಳಿವೆ, ಬಾರದವೂ ಇವೆ. ಯಾವುದೇ ಮಠ, ಮಸೀದಿ, ಚರ್ಚಿಗೂ ಕೇಳಬಹುದಾದ ಪ್ರಶ್ನೆ ಅದು.