ಮಕ್ಕಳ ಜೊತೆ ಕಡಲಿಗೆ ಹೋಗುವ ಮುನ್ನ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿಯ ಬರಹ ರೂಪ)



ಉಳಿತಾಯ, ಸಾಲ ಮರುಪಾವತಿ, ಪುಸ್ತಕ ಬರವಣಿಗೆ – ಸಭೆ ಸೇರಿದಾಗ ನಾವು ಹೆಚ್ಚಾಗಿ ಮಾತಾಡುವುದು ಇವನ್ನೇ. ಇವತ್ತು ಸ್ವಲ್ಪ ಬೇರೆ ವಿಷಯ. ರಜೆ ಬಂತೆಂದರೆ ಮಕ್ಕಳು “ಅಮ್ಮಾ, ಸಮುದ್ರ ನೋಡ್ಬೇಕು” ಅಂತ ಹಟ ಹಿಡೀತಾರೆ. ವರ್ಷವಿಡೀ ಒಲೆ, ಕೊಟ್ಟಿಗೆ, ಕೂಲಿ ಅಂತ ದುಡಿಯುವ ನಮಗೂ ಒಂದೆರಡು ದಿನ ಬಿಡುವು ಬೇಕು. ಹಾಗಾಗಿ ಹೋಗೋಣ. ಆದರೆ ಯಾವ ಕಡಲತೀರಕ್ಕೆ, ಯಾವ ತಿಂಗಳಲ್ಲಿ ಎಂಬುದನ್ನು ಮೊದಲೇ ಕೂತು ಯೋಚಿಸೋಣ.

ನಾವು ಘಟ್ಟದ ಮೇಲಿನವರು. ನಮಗೆ ಕೆರೆ ಗೊತ್ತು, ಹೊಳೆ ಗೊತ್ತು. ಕಡಲು ಗೊತ್ತಿಲ್ಲ. ಈ ಮಾತು ನಮಗೆ ಅರ್ಥವಾದದ್ದು ಕೆಲವು ವರ್ಷಗಳ ಹಿಂದೆ. ನಮ್ಮ ಸಂಘದ ಹತ್ತು ಕುಟುಂಬಗಳು ದಸರಾ ರಜೆಯಲ್ಲಿ ಕರಾವಳಿಗೆ ಹೋಗಿದ್ದೆವು. ಚೆನ್ನಾಗಿದೆ, ಜನ ಇಲ್ಲ ಅಂತ ಒಂದು ಖಾಲಿ ತೀರಕ್ಕೆ ಇಳಿದೆವು. ಎರಡೂ ಕಡೆ ಅಲೆ ಜೋರಾಗಿತ್ತು, ನಡುವೆ ಒಂದು ಜಾಗ ಮಾತ್ರ ಶಾಂತವಾಗಿತ್ತು. ಮಕ್ಕಳಿಗೆ ಅದೇ ಒಳ್ಳೆಯದು ಅಂತ ಅಲ್ಲೇ ಬಿಟ್ಟೆವು. ನಾವು ಬುತ್ತಿ ಬಿಚ್ಚುವಷ್ಟರಲ್ಲಿ ಏಳು ವರ್ಷದ ಒಬ್ಬ ಹುಡುಗಿ ಕೈಗೆ ಸಿಗದಷ್ಟು ದೂರ ಹೋಗಿದ್ದಳು. ದಡದಲ್ಲಿ ಬಲೆ ಸರಿಮಾಡುತ್ತಿದ್ದ ಹಿರಿಯ ಮೀನುಗಾರರೊಬ್ಬರು ನೀರಿಗೆ ಹಾರಿ ಎಳೆದು ತಂದರು. ಮಗು ಉಳಿಯಿತು. ಅವರು ಬೈಯಲಿಲ್ಲ, ಒಂದೇ ಮಾತು ಕೇಳಿದರು: “ಅಲೆ ಒಡೆಯದ ಜಾಗಕ್ಕೇ ಯಾಕಮ್ಮ ಇಳಿಸಿದ್ರಿ?”

ಆ ಮಾತಿನ ಅರ್ಥ ಇಷ್ಟು. ಅಲೆಗಳು ದಡಕ್ಕೆ ತಂದ ನೀರು ಹಿಂದೆ ಹೋಗಲೇಬೇಕು. ಅದು ಒಂದು ಓಣಿ ಮಾಡಿಕೊಂಡು ರಭಸವಾಗಿ ಒಳಗೆ ಹರಿಯುತ್ತದೆ. ಆ ಓಣಿಯಲ್ಲಿ ಅಲೆ ಒಡೆಯುವುದು ಕಡಿಮೆ, ನೊರೆ ಕಡಿಮೆ, ನೀರು ಸ್ವಲ್ಪ ಕಪ್ಪಗೆ ಕಾಣಬಹುದು. ನೋಡಲು ಶಾಂತ, ಎಳೆತ ಮಾತ್ರ ಜೋರು. ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರವೂ ಸೆಳೆತ ಬಹಳ. ಅಲ್ಲಿ ಮಕ್ಕಳನ್ನು ಇಳಿಸಲೇಬಾರದು.

ಹಾಗಾದರೆ ತೀರವನ್ನು ಆರಿಸುವುದು ಹೇಗೆ? ಫೋಟೋ ನೋಡಿ ಬೇಡ. ನಾಲ್ಕು ಪ್ರಶ್ನೆ ಕೇಳೋಣ. ಜೀವರಕ್ಷಕರು ಇದ್ದಾರೆಯೇ? ಇಳಿಯುವ ಜಾಗಕ್ಕೆ ಗುರುತು ಇದೆಯೇ? ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಕುಡಿಯುವ ನೀರು ಇದೆಯೇ? ಆಸ್ಪತ್ರೆ ಎಷ್ಟು ದೂರ?

ನಮ್ಮ ರಾಜ್ಯದಲ್ಲೇ ಉಡುಪಿ ಜಿಲ್ಲೆಯ ಪಡುಬಿದ್ರಿ ಮತ್ತು ಹೊನ್ನಾವರದ ಹತ್ತಿರದ ಕಾಸರಕೋಡು ತೀರಗಳಿಗೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ನೀರಿನ ಶುದ್ಧತೆ, ಸುರಕ್ಷತೆ, ಸ್ವಚ್ಛತೆ ನೋಡಿ ಇದನ್ನು ಕೊಡುತ್ತಾರೆ. ಇಂಥ ಕಡೆ ಪ್ರವೇಶ ಶುಲ್ಕ ಕೇಳಿದರೆ ಬೇಸರ ಬೇಡ, ಅದು ಮಕ್ಕಳ ಕಾವಲಿನ ಖರ್ಚು ಅಂದುಕೊಳ್ಳಿ. ಉಡುಪಿಯ ಹತ್ತಿರದ ಮಲ್ಪೆಯಲ್ಲಿ ಜನ, ಅಂಗಡಿ ಎಲ್ಲಾ ಇವೆ. ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಕಂಬ ನೆಟ್ಟಂತಿರುವ ಬಂಡೆಗಳನ್ನು ತೋರಿಸಬಹುದು. ಲೈಫ್ ಜಾಕೆಟ್ ಹಾಕಿಸದೆ ದೋಣಿ ಹತ್ತಿಸಬೇಡಿ. ಬಂಡೆ ಜಾರುತ್ತದೆ, ಕೈ ಬಿಡಬೇಡಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ ಇರುವ ಮರವಂತೆ ಕಣ್ಣಿಗೆ ಹಬ್ಬ. ಅದನ್ನು ದಡದಿಂದಲೇ ನೋಡಿ ಬರೋಣ.

ಇನ್ನು ಕಾಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಅದು ಮೀನಿನ ಸಂತಾನಕ್ಕೂ ಒಳ್ಳೆಯದು, ಮಳೆಗಾಲದ ಕಡಲಿನಿಂದ ಮೀನುಗಾರರಿಗೂ ರಕ್ಷಣೆ. ಕಡಲಲ್ಲೇ ಹುಟ್ಟಿ ಬೆಳೆದವರ ಬೋಟು ದಡದಲ್ಲಿರುವಾಗ ನಮ್ಮ ಮಕ್ಕಳಿಗೆ ಅಲ್ಲೇನು ಕೆಲಸ? ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಸಮಯ. ಏಪ್ರಿಲ್ ರಜೆಯಲ್ಲಿ ಹೋದರೆ ಬೆಳಿಗ್ಗೆ ಬೇಗ ಅಥವಾ ಸಂಜೆ ಬಿಸಿಲು ಇಳಿದ ಮೇಲೆ ಹೋಗಿ. ಹಾಗಂತ ಒಳ್ಳೆಯ ತಿಂಗಳು ಅಂತ ಮೈಮರೆಯಬಾರದು. 2024ರ ಡಿಸೆಂಬರ್‌ನಲ್ಲೇ ಮುರುಡೇಶ್ವರದಲ್ಲಿ, ಶಾಲಾ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಆ ತಾಯಂದಿರನ್ನು ನೆನೆದರೆ ಈಗಲೂ ಕರುಳು ಚುರುಕ್ ಅನ್ನುತ್ತದೆ.

ಅಲ್ಲಿ ಹೋದ ಮೇಲೆ ಏನು ಮಾಡಬೇಕು?

ಒಂದು, ಎರಡು ಮಕ್ಕಳಿಗೆ ಒಬ್ಬ ದೊಡ್ಡವರು. ಕೈಗೆಟಕುವಷ್ಟು ಹತ್ತಿರ ಇರಬೇಕು, ಆ ಹೊತ್ತಿಗೆ ಮೊಬೈಲ್ ಚೀಲದಲ್ಲಿರಲಿ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಕಾಯುವವರು ಚೂಡಿದಾರ ಹಾಕಿಕೊಳ್ಳಲಿ.

ಎರಡು, ಮಗುವಿನ ಮೊಣಕಾಲಿಗಿಂತ ಹೆಚ್ಚು ನೀರು ಬೇಡ. ಗಾಳಿ ತುಂಬಿದ ಟ್ಯೂಬನ್ನು ನಂಬಬೇಡಿ. ಕೆಂಪು ಬಾವುಟ ಕಂಡರೆ ಮರಳಲ್ಲೇ ಆಟ.

ಮೂರು, ಯಾರಾದರೂ ಸೆಳೆತಕ್ಕೆ ಸಿಕ್ಕರೆ ಈಜು ಬಾರದವರು ಹಿಂದೆ ಹಾರಬೇಡಿ. ಹಗ್ಗ, ಖಾಲಿ ಕ್ಯಾನ್, ತೇಲುವ ಏನಾದರೂ ಎಸೆಯಿರಿ, ಜೀವರಕ್ಷಕರನ್ನು ಕೂಗಿ, 112ಕ್ಕೆ ಫೋನ್ ಮಾಡಿ. ಸಿಕ್ಕಿಕೊಂಡವರು ದಡದ ಕಡೆಗೇ ಈಜಿ ಸುಸ್ತಾಗಬಾರದು. ತೇಲುತ್ತಾ ಕೈ ಎತ್ತಬೇಕು, ಆದರೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಬೇಕು. ಇದನ್ನು ಮಕ್ಕಳಿಗೆ ಮನೆಯಲ್ಲೇ ಹೇಳಿಕೊಡಿ.

ನಾಲ್ಕು, ನೀರು ಕುಡಿದ ಮಗುವಿಗೆ ಕೆಮ್ಮು, ಏದುಸಿರು, ವಾಂತಿ ಇದ್ದರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕೊನೆಗೆ ಹಣದ ಮಾತು. ಪ್ರವಾಸಕ್ಕೆ ಸಾಲ ಬೇಡ. ವಾರಕ್ಕೆ 50 ರೂಪಾಯಿ ಬೇರೆ ಎತ್ತಿಟ್ಟರೆ 40 ವಾರಕ್ಕೆ 2,000 ರೂಪಾಯಿ. ಹತ್ತು ಮಂದಿ ಸೇರಿದರೆ 20,000. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಮಗೂ ನಮ್ಮ ಹೆಣ್ಣುಮಕ್ಕಳಿಗೂ ಟಿಕೆಟ್ ಹಣ ಉಳಿಯುತ್ತದೆ. ರಾಜಹಂಸ, ಐರಾವತದಂಥ ಬಸ್ಸಿಗೆ ಇದು ಅನ್ವಯಿಸುವುದಿಲ್ಲ. ಉಳಿದ ಹಣದಲ್ಲಿ ಶೌಚಾಲಯ ಇರುವ ಒಳ್ಳೆಯ ಕೋಣೆ ಹಿಡಿಯೋಣ.

ಆ ಹುಡುಗಿ ಈಗ ಹೈಸ್ಕೂಲು. ಅವಳ ತಾಯಿ ಇವತ್ತು ನಮ್ಮ ನಡುವೆಯೇ ಕೂತಿದ್ದಾರೆ. ಮುಂದಿನ ಪ್ರವಾಸ ಗೊತ್ತುಮಾಡುವಾಗ ಯಾವ ತೀರ, ಯಾವ ತಿಂಗಳು, ಯಾವ ಮಗುವಿಗೆ ಯಾರು ಕಾವಲು ಎಂಬುದನ್ನು ಸಂಘದ ನಡವಳಿ ಪುಸ್ತಕದಲ್ಲೇ ಬರೆದು ಎಲ್ಲರೂ ಸಹಿ ಹಾಕೋಣ. ಹೊರಟಷ್ಟೇ ಮಂದಿ ನಗುನಗುತ್ತಾ ಮನೆ ಸೇರೋಣ.